ಚರ್ಮದೊಳಗಿನ ಎಳೆಗಳು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಶಹಾಪುರದಲ್ಲಿ ಮಾಸ್ತರನಾಗಿದ್ದೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಒಂದು ಬೇಸಿಗೆಯಲ್ಲಿ ನನ್ನ ಹೆಂಡತಿಗೆ ಮೈ ತುರಿಕೆ ಶುರುವಾಯಿತು. ಬೆವರುಸಾಲೆ ಇರಬೇಕು ಎಂದುಕೊಂಡೆವು. ಮಳೆಗಾಲ ಬಂದರೂ ಹೋಗಲಿಲ್ಲ.

"ಚರ್ಮದ ಕೆಳಗ ಇರಿವಿ ಹರದಾಡಿದಂಗ ಆಗ್ತದರಿ," ಎನ್ನುತ್ತಿದ್ದಳು.

ತುರಿಸಿದಲ್ಲೆಲ್ಲ ಹುಣ್ಣಾದವು. ಹುಣ್ಣಿನೊಳಗಿಂದ ಕೂದಲಿಗಿಂತ ಸಣ್ಣ ಎಳೆಗಳು ಬರುತ್ತವೆ ಎಂದು ಅವನ್ನು ಕಡ್ಡಿಪೆಟ್ಟಿಗೆಯಲ್ಲಿ ಕೂಡಿಡತೊಡಗಿದಳು. ಒಂದು ನೀಲಿ, ಎರಡು ಕೆಂಪು. ಬೇವಿನೆಲೆ ಅರೆದು ಹಚ್ಚಿದೆವು. ಸುರಪುರದ ಹಕೀಮರ ಲೇಪವೂ ಆಯಿತು. ಅಷ್ಟರಲ್ಲಿ ನೆರೆಯವರು ನಮ್ಮ ಮನೆಯ ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಕಡೆಗೆ ಯಾದಗಿರಿಯ ಡಾಕ್ಟರರ ಬಳಿಗೆ ಕರೆದೊಯ್ದೆ. ಅವರಿಗೆ ಕನ್ನಡ ಬಾರದು, ಅವಳಿಗೆ ಉರ್ದು ಬಾರದು. ಅವರು ಕಡ್ಡಿಪೆಟ್ಟಿಗೆಯೊಳಗೆ ಇಣುಕಿ ನೋಡಿ, ಇವು ಸೀರೆಯ ದಾರ, ರೋಗ ಚರ್ಮದಲ್ಲಿಲ್ಲ, ತಲೆಯಲ್ಲಿದೆ ಎಂದು ನನಗೆ ಉರ್ದುವಿನಲ್ಲಿ ಹೇಳಿದರು. ಏನೋ ಒಂದು ಮುಲಾಮು ಕೊಟ್ಟರು.

"ಏನಂದ್ರು?" ಎಂದು ಆಸೆಯಿಂದ ನನ್ನ ಮುಖ ನೋಡಿದಳು.

"ಅಪರೂಪದ ರೋಗ ಅಂತ. ಮುಲಾಮು ಹಚ್ಚಿದ್ರ ಆರಾಮ ಆಗ್ತದಂತ."

"ನೋಡ್ರಿ! ನಾ ಸುಳ್ಳ ಹೇಳಿಲ್ಲ," ಎಂದು ಅತ್ತುಬಿಟ್ಟಳು. ಮರಳಿ ಬರುವಾಗ ಬಂಡಿಯಲ್ಲಿ ನನ್ನ ಭುಜಕ್ಕೊರಗಿ ನಿದ್ದೆಹೋದಳು. ಎಷ್ಟೋ ತಿಂಗಳ ಮೇಲೆ ಅವಳು ತುರಿಸದೆ ಮಲಗಿದ್ದನ್ನು ಕಂಡೆ.

ಮುಲಾಮು ಮುಗಿಯುವ ಹೊತ್ತಿಗೆ ಅವಳು ಯಾದಗಿರಿಯ ತನ್ನ ಅಣ್ಣನ ಮನೆಗೆ ಹೋಗಿದ್ದಳು. ಅಣ್ಣನನ್ನೇ ಜೊತೆಗೆ ಕರೆದುಕೊಂಡು ಅದೇ ಡಾಕ್ಟರರನ್ನು ಕಂಡಳು. ಅಣ್ಣನಿಗೂ ಉರ್ದು ಬರುತ್ತಿತ್ತು. ಅವನು ಡಾಕ್ಟರರ ಮಾತನ್ನು ಇದ್ದದ್ದು ಇದ್ದಂತೆ ತಂಗಿಗೆ ಹೇಳಿದ.

ಮನೆಗೆ ಬಂದವಳು ಹೊಸ್ತಿಲಲ್ಲೇ ನಿಂತು ಕೇಳಿದಳು: "ನೀವೂ ನಂಬಿರಲಿಲ್ಲೇನ್ರಿ?"

ನಾನು ಅವಳ ಕೈಯಿಂದ ಗಂಟು ಇಳಿಸಿಕೊಂಡೆ. ಹೌದು, ನಾನೂ ನಂಬಿರಲಿಲ್ಲ. ಅವಳು ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಅಂದಿನಿಂದ ಉದ್ದ ತೋಳಿನ ಕುಪ್ಪಸ ತೊಟ್ಟಳು. ಹಾಸಿಗೆ ಬೇರೆ ಮಾಡಿಕೊಂಡಳು. ಹೇಗಿದೆ ಎಂದು ಕೇಳಿದರೆ "ಆರಾಮ ಅದರಿ" ಎನ್ನುವಳು. ಆ ಮಾತನ್ನು ನಂಬುವುದು ನನಗೆ ಸುಲಭವಾಗಿತ್ತು. ಹಾಗೆ ಮೂರು ವರ್ಷ ಬಾಳಿ, ವಿಷಮಜ್ವರ ಬಂದು ತೀರಿಕೊಂಡಳು.

ಮೈ ತೊಳೆದ ಹೆಂಗಸರಲ್ಲಿ ಹಿರಿಯಳೊಬ್ಬಳು ಹೊರಗೆ ಬಂದು ನನ್ನೆದುರು ನಿಂತಳು.

"ಮೈಮ್ಯಾಗ ಬೆರಳಿಡಾಕ ಜಾಗಾ ಇಲ್ಲರಿ ಮಾಸ್ತರ. ಇಷ್ಟ ಆದ್ರೂ ಆಕಿ ಏನೂ ಅನ್ನಲಿಲ್ಲೇನು?"

"ಅಂದಿದ್ಲವ್ವಾ," ಎಂದೆ.