ನಮ್ಮ ಅಡುಗೆಮನೆಯಲ್ಲಿ ನಿಂತ ಬಸ್ಸುಗಳು

ನಮ್ಮ ಮನೆಯವರು ಕೊಟ್ಟೂರಿನಲ್ಲಿ ಬಸ್ಸಿನ ಕಚೇರಿಯಲ್ಲಿದ್ದಾರೆ. ಹಡಗಲಿ ದಾರಿಯ ಬಸ್ ಸ್ಟಾಪುಗಳನ್ನೆಲ್ಲ ಮೊಬೈಲಿನ ನಕ್ಷೆಗೆ ಹತ್ತಿಸುವ ಕೆಲಸ ಇವರ ಪಾಲಿಗೆ ಬಂತು. ಪ್ರತಿ ಸ್ಟಾಪಿನ ಫೋಟೋ, ತಲೆ ಮೇಲೆ ಮಾಡು ಇದೆಯೋ ಇಲ್ಲವೋ, ದೀಪ ಉಂಟೋ, ಎಲ್ಲ ತುಂಬಬೇಕು. ಇನ್ನು ಮುಂದೆ ಹೊಸ ವೇಳಾಪಟ್ಟಿ ಆ ನಕ್ಷೆ ನೋಡಿಯೇ ಆಗುವುದಂತೆ.

ಭಾನುವಾರ ನಾನೂ ಸ್ಕೂಟರ್ ಹಿಂದೆ ಕೂತೆ. ಬಿಸಿಲಿಗೆ ಫೋನಿನ ಪರದೆ ಕಾಣುವುದಿಲ್ಲ, ಇವರು ಫೋಟೋ ತೆಗೆಯುವಾಗ ಛತ್ರಿ ಹಿಡಿಯುವುದು ನನ್ನ ನೌಕರಿ. ಒಂದು ಹಳ್ಳಿಯ ತಂಗುದಾಣದೊಳಗೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಜನ ಮಾತ್ರ ಹೊರಗೆ ಬಿಸಿಲಲ್ಲಿ ನಿಂತಿದ್ದರು.

ಹಡಗಲಿ ಇನ್ನೂ ದೂರವಿರುವಾಗ ಒಂದು ಬೇವಿನ ಮರ. ಬೋರ್ಡಿಲ್ಲ, ಮಾಡಿಲ್ಲ. ಆದರೂ ಮುಂಜಾನೆಯ ಮೊದಲ ಬಸ್ಸು ಅಲ್ಲಿ ನಿಲ್ಲುತ್ತದೆ. ಒದ್ದೆ ಬಟ್ಟೆಯಲ್ಲಿ ಮಲ್ಲಿಗೆ ಮೊಗ್ಗು ಕಟ್ಟಿಕೊಂಡ ಹೆಣ್ಣುಮಕ್ಕಳು ಹತ್ತುತ್ತಾರೆ. ಬಿಸಿಲೇರುವ ಮೊದಲು ಸಂತೆ ಮುಟ್ಟದಿದ್ದರೆ ಮೊಗ್ಗು ಬಾಡುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ.

ಮರದ ಸುತ್ತಲಿನ ಕಟ್ಟೆ ಮೇಲೆ ಕೂತಿದ್ದ ಒಬ್ಬಾಕೆ ಇವರನ್ನು ನೋಡಿ ನಕ್ಕಳು. "ಏನ್ರೀ ಸಾಹೇಬ್ರ, ಗಿಡಕ್ಕ ಲಗ್ನದ ಫೋಟೋ ತೆಗೀತೀರೇನು?"

"ಇಲ್ಲಬೇ, ಈ ಗಿಡ ನಕ್ಷಾದಾಗ ಬರಬೇಕು. ಬರ್ಲಿಲ್ಲಂದ್ರ ಬಸ್ ನಿಂದ್ರೂದಿಲ್ಲ."

ಆಕೆಯ ನಗು ಅಲ್ಲೇ ನಿಂತಿತು. "ಹಂಗಾರ ಚಲೋತ್ನಾಗ ತೆಗೀರಿ. ಇದೊಂದು ಬಸ್ ಹೋತಂದ್ರ ನಮ್ಮ ಹೂವು ತಿಪ್ಪಿಗೇ."

ಫೋಟೋಗಳನ್ನು ಹಿಡಿದು ಮನೆಗೆ ಬಂದೆವು. ಉಳಿದದ್ದನ್ನು ನಿರಾಳವಾಗಿ ತುಂಬಿದರಾಯಿತೆಂದು ಇವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ನಾನು ರೊಟ್ಟಿ ಬಡಿಯುತ್ತಿರುವಾಗ, ಒಂದೊಂದೇ ಸ್ಟಾಪನ್ನು ಒತ್ತಿ ಒತ್ತಿ ಕಳಿಸಿದರು.

ಮರುದಿನ ಮೇಲಿನ ಕಚೇರಿಯಿಂದ ಫೋನ್. "ಏನ್ರೀ ಇದು, ನಿಮ್ಮ ದಾರಿಯ ಅಷ್ಟೂ ಸ್ಟಾಪು ಕೊಟ್ಟೂರಿನ ಒಂದೇ ಮನೀ ಮ್ಯಾಲ ಅದಾವಲ್ರೀ!"

ಇವರು ಕೂತು ಒತ್ತಿದ ಜಾಗವನ್ನೇ ಆ ಮೊಬೈಲು ಸ್ಟಾಪೆಂದು ಹಿಡಿದಿತ್ತು. ನಕ್ಷೆ ತೆರೆದರೆ ನಮ್ಮ ಮನೆ ಮೇಲೆ ಕೆಂಪು ಚುಕ್ಕಿಗಳು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ನಾನು ತಡೆಯಲಾರದೆ, "ರೀ, ಹಡಗಲಿ ಬಸ್ ಎಷ್ಟೊತ್ತಿಗೆ ಬರ್ತೈತಿ? ಚಾ ಇಡ್ಲೇನು?" ಎಂದೆ.

"ನಗಬ್ಯಾಡ ಮಾರಾಯ್ತಿ. ಇದೇ ವಾರ ಗಡುವು ಮುಗೀತೈತಿ. ಬೋರ್ಡ್ ಇದ್ದ ಸ್ಟಾಪ್ ಹಳೇ ಕಾಗದದಾಗರೆ ಅದಾವ. ಆ ಗಿಡ ಎಲ್ಲೀನೂ ಇಲ್ಲ."

ನನ್ನ ನಗುವೂ ಇಳಿಯಿತು. ರಜೆ ಹಾಕಿ ಮತ್ತೆ ಹೊರಟೆವು, ಮೊದಲು ಬೇವಿನ ಮರಕ್ಕೇ. ಅಲ್ಲಿ ನೋಡಿದರೆ ಸಿಗ್ನಲ್ಲೇ ಇಲ್ಲ. ಇವರು ಫೋನು ಎತ್ತಿ ಹಿಡಿದು ಸುತ್ತಹಾಕುತ್ತಿದ್ದರೆ ಅದೇ ಹೂವಿನಾಕೆ ಕೂಗಿದಳು. "ಕಟ್ಟಿ ಮ್ಯಾಲ ಹತ್ರಿ! ನನ್ನ ಸೊಸಿ ಅಲ್ಲೇ ನಿಂತು ತೌರಮನಿಗೆ ನನ್ನ ಚಾಡಿ ಹೇಳ್ತಾಳ."

ಚಪ್ಪಲಿ ಬಿಟ್ಟು ಇವರು ಕಟ್ಟೆ ಹತ್ತಿದರು. ನಾನೂ ಹತ್ತಿ ಛತ್ರಿ ಹಿಡಿದೆ. ಈಗ ಮೊಬೈಲು ಸ್ಟಾಪಿನ ಹೆಸರು ಕೇಳಿತು. ಹೆಸರು ಬರೆಯದ ನಕ್ಷೆಗೆ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಸೊನ್ನೆ ಹಾಕುತ್ತಿದ್ದದ್ದು ನೆನಪಾಗಿ, "ಏನಂತೀರಿ ಇದಕ್ಕ?" ಎಂದು ಆಕೆಯನ್ನೇ ಕೇಳಿದೆ.

"ಏನಂತೀವಿ? ಹೂವಿನ ಗಿಡ ಅಂತೀವಿ."

ಬೇವಿನ ಮರಕ್ಕೆ ಹೂವಿನ ಗಿಡವೆಂದೇ ಬರೆದರು. ಮಾಡು? ಇಲ್ಲ. ದೀಪ? ಇಲ್ಲ. ಒತ್ತಿದರು. ಚುಕ್ಕಿ ಒಂದಿಷ್ಟು ಹೊತ್ತು ತಿರುಗಿ, ನಮ್ಮ ಕಾಲಬುಡದಲ್ಲೇ ಬಂದು ಕೂತಿತು.

ಹೊಸ ವೇಳಾಪಟ್ಟಿ ಬಂದ ದಿನ ಇವರು ಮೊದಲ ಬಸ್ಸಿನ ಸುದ್ದಿಗೆ ಕಾಯುತ್ತ ಸರಿಯಾಗಿ ತಿಂಡಿಯನ್ನೂ ತಿನ್ನಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದಾಗ ಕೈಯಲ್ಲೊಂದು ಒದ್ದೆ ಬಟ್ಟೆಯ ಗಂಟು. ಹಡಗಲಿಯಿಂದ ಮರಳಿದ ಕಂಡಕ್ಟರ್ ಕೊಟ್ಟನಂತೆ, ಹೂವಿನ ಗಿಡದಲ್ಲಿ ಹತ್ತಿದಾಕೆ "ಛತ್ರಿ ಅಕ್ಕಾರಿಗೆ" ಎಂದು ಹೇಳಿ ಕಳಿಸಿದ್ದು. ಬಿಚ್ಚಿ ನೋಡಿದೆ. ಮೊಗ್ಗುಗಳೆಲ್ಲ ಬಿಗಿಯಾಗಿ ಮುಚ್ಚಿಕೊಂಡೇ ಇದ್ದವು.