ಕಾರು ಖಾಲಿ ಹೋಗಿಬರದ ಬೆಳಿಗ್ಗೆ

ಮೊನ್ನೆ ಮಗಳ ಕಾರಿನಲ್ಲಿ ಬೆಟ್ಟ ಇಳಿಯುವಾಗ ಚಕ್ರದ ಕಡೆಯಿಂದ ಸುಟ್ಟ ವಾಸನೆ ಬಂತು. ಬ್ರೇಕು ಬಿಸಿಯಾಗಿದೆ ಅಷ್ಟೇ, ಹೆದರಬೇಡ ಅಂದಳು. ಹೆದರದೆ ಇರುವುದು ಹೇಗೆ? ಬೆಲ್ಟನ್ನು ಎರಡು ಕೈಯಲ್ಲೂ ಹಿಡಿದು ಕೂತೆ. ಎಷ್ಟೋ ವರ್ಷದ ಹಿಂದಿನ ಇನ್ನೊಂದು ಇಳಿಜಾರು ಕಣ್ಣಮುಂದೆ ಬಂತು... ಅದರ ಜೊತೆಗೆ ಕಾರು ತಾತನೂ.

ಅರವತ್ತರ ದಶಕದ ಶುರು. ನಾನು ನಂದಿದುರ್ಗ ಚಿನ್ನದ ಗಣಿಯ ಲೈನಿಗೆ, ಆಳುಗಳ ಸಾಲುಮನೆಗಳಿಗೆ, ಸೊಸೆಯಾಗಿ ಬಂದು ವರ್ಷವಾಗಿತ್ತು. ಪಕ್ಕದ ಮನೆಯ ಮುದುಕನನ್ನು ಇಡೀ ಲೈನು ಕಾರು ತಾತ ಅಂತಲೇ ಕರೆಯುತ್ತಿತ್ತು. ಗಣಿಯೊಳಕ್ಕೆ ಆಳುಗಳನ್ನು ಇಳಿಸುವ ಕೇಜಿನ ಎಂಜಿನ್ ಮನೆಯಲ್ಲಿ ಜೀವಮಾನವೆಲ್ಲ ದುಡಿದು, ಆಮೇಲೆ ಒಂದು ಹಳೇ ಕಾರು ಕೊಂಡು ಬಂಗಾರಪೇಟೆಗೆ ಬಾಡಿಗೆ ಓಡಿಸುತ್ತಿದ್ದ. ಗಣಿಯಲ್ಲಿ ಪಾಳಿ ಶುರುವಾಗುವ ಮುಂಚೆ ಕೇಜನ್ನು ಖಾಲಿ ಇಳಿಸಿ, ಹತ್ತಿಸಿ ನೋಡುತ್ತಿದ್ದರಂತೆ, ಆಮೇಲೇ ಆಳು. ತಾತ ಅದನ್ನೇ ಕಾರಿಗೂ ತಂದಿದ್ದ. ಬೆಳಿಗ್ಗೆ ಯಾರನ್ನೂ ಹತ್ತಿಸಿಕೊಳ್ಳದೆ ಲೈನಿನ ಇಳಿಜಾರಿನಲ್ಲಿ ಹೋಗಿ, ಗಕ್ಕನೆ ನಿಲ್ಲಿಸಿ, ನಾಲ್ಕು ಚಕ್ರದ ಬಳಿಯೂ ಬಗ್ಗಿ ನೋಡಿ ವಾಪಸ್ ಬರುತ್ತಿದ್ದ. ಹಿಂದಿನ ಸೀಟಿಗೆ ಯಂತ್ರದ ಹಳೇ ಪಟ್ಟೆಯಿಂದ ಎರಡು ಬೆಲ್ಟು ಮಾಡಿ ಬೋಲ್ಟು ಬಿಗಿದಿದ್ದ.

“ನಾವೇನು ಎಮ್ಮೆಗಳಾ ತಾತ, ಕಟ್ಟಾಕೋಕೆ?” ಅಂತ ನಾನು ರೇಗಿಸುತ್ತಿದ್ದೆ.

“ಕೇಜಿಗೆ ಬಾಗ್ಲು ಆಕಲ್ವಾ ಅಮ್ಮಣ್ಣಿ? ಅಂಗೇ ಇದು,” ಅನ್ನುತ್ತಿದ್ದ.

ಅವತ್ತು ಬೂದಿಕೋಟೆಯ ನನ್ನ ತವರಿಗೆ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಾನೂ ಅತ್ತೆಯೂ ಬಂಗಾರಪೇಟೆಯಲ್ಲಿ ಬಸ್ಸು ಹಿಡಿಯಬೇಕಿತ್ತು. ಅತ್ತೆ ಒಳಗೆ ಇನ್ನೂ ಸೀರೆ ಉಡುತ್ತಿದ್ದರು. ತಾತ ಖಾಲಿ ಕಾರಿನಲ್ಲಿ ಒಂದು ಸುತ್ತು ಹೊರಟಿದ್ದ. ನಾನು ಅಡ್ಡ ನಿಂತೆ.

“ಬಸ್ಸು ಓಗ್ಬುಡ್ತದೆ. ಇವತ್ತೊಂದಿನ ಬುಡು ತಾತ. ನಿನ್ನೆ ಸರಿಯಾಗೇ ಇತ್ತಲ್ಲ.”

“ನಿನ್ನೇದು ನಿನ್ನೇಗಾಯ್ತು ಅಮ್ಮಣ್ಣಿ.”

ಕಣ್ಣಲ್ಲಿ ನೀರು ತಂದುಕೊಂಡೆ. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತಿತ್ತು. ತಾತ ಸೋತ.

ಬೆಲ್ಟು ಮಾತ್ರ ಇಬ್ಬರಿಗೂ ತಾನೇ ಬಿಗಿದ. ಅರ್ಧ ದಾರಿಯಲ್ಲಿ ಅತ್ತೆ ಹೊಟ್ಟೆ ಹಿಡಿಯುತ್ತದೆ ಅಂತ ಸದ್ದಿಲ್ಲದೆ ಬಿಚ್ಚಿಕೊಂಡರು. ಬಂಗಾರಪೇಟೆ ಇನ್ನೇನು ಬಂತು ಅನ್ನುವಾಗ ಇಳಿಜಾರು, ಮುಂದೆ ಒಂದು ಎತ್ತಿನ ಗಾಡಿ. ತಾತ ಬ್ರೇಕು ಒತ್ತಿದ. ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿದ, ಮತ್ತೆ...

“ಕಾಲು ಒಳಕ್ಕೋಗ್ತಾ ಐತೆ,” ಅಂದ, ತನಗೆ ತಾನೇ.

ಅವನ ದನಿ ಅಷ್ಟು ತಣ್ಣಗಿದ್ದದ್ದೇ ನನ್ನ ಜೀವ ಬಾಯಿಗೆ ತಂದಿತು. ಗಾಡಿಯವನ ಬೆನ್ನು ದೊಡ್ಡದಾಗುತ್ತಾ ಬಂತು. ಗೇರು ಕಿರುಗುಟ್ಟಿತು, ತಾತ ಹ್ಯಾಂಡ್‌ಬ್ರೇಕು ಎಳೆದ, ಕಾರು ರಸ್ತೆ ಬಿಟ್ಟು ಜಲ್ಲಿಯ ಗುಡ್ಡೆಗೆ ನುಗ್ಗಿತು. ಪಟ್ಟೆ ನನ್ನನ್ನು ಸೀಟಿಗೆ ಜಗ್ಗಿ ಹಿಡಿಯಿತು. ಅತ್ತೆ ಮುಂದಿನ ಸೀಟಿಗೆ ಅಪ್ಪಳಿಸಿದರು. ಕೈ ಮುರಿದಿತ್ತು, ಹಣೆಯಿಂದ ರಕ್ತ ಸುರಿಯುತ್ತಿತ್ತು.

ಸಂಜೆ ಲೈನಿಗೆ ಬಂದಾಗ ದಿನಾ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಅಂಗೈಯಗಲ ಎಣ್ಣೆಯ ಕಲೆ. ಬ್ರೇಕಿನ ಎಣ್ಣೆ ರಾತ್ರಿಯೆಲ್ಲ ತೊಟ್ಟಿಕ್ಕಿತ್ತು. ಖಾಲಿ ಹೋಗಿಬಂದಿದ್ದರೆ ಗೊತ್ತಾಗುತ್ತಿತ್ತು. ನಾನು ನೋಡಿದ್ದನ್ನು ತಾತನೂ ನೋಡಿದ. ಜನ ಸೇರಿದ್ದರು. ಇನ್ನೇನು ನನ್ನ ಹೆಸರು ಹೇಳುತ್ತಾನೆ ಅಂದುಕೊಂಡೆ.

“ಬೆಳಿಗ್ಗೆ ಖಾಲಿ ಓಗ್ಬರ್ಲಿಲ್ವಾ?” ಅಂತ ನಮ್ಮ ಮಾವ ಕೇಳಿದರು.

ತಾತ ನನ್ನ ಕಡೆ ತಿರುಗಲಿಲ್ಲ. “ಮರ್ತೋಯ್ತು ಕಣಪ್ಪ,” ಅಂದ.

ನಾನು ಬಾಯಿ ಬಿಡಲಿಲ್ಲ.

ಆಮೇಲೆ ಅವನ ಕಾರಿಗೆ ಯಾರೂ ಹತ್ತಲಿಲ್ಲ. ಮುದುಕನಿಗೆ ಅರುಳುಮರುಳು ಅಂದರು. ಅತ್ತೆ ಸೊಟ್ಟಗೆ ಕೂಡಿದ ಕೈ ತೋರಿಸಿ ಬಯ್ಯುತ್ತಿದ್ದರು. ಕಾರು ಗುಜರಿಗೆ ಹೋಯಿತು. ಜಗಲಿಯಲ್ಲಿ ಕೂತ ತಾತ ನನ್ನನ್ನು ಕಂಡಾಗಲೆಲ್ಲ, “ಊಟ ಆಯ್ತಾ ಅಮ್ಮಣ್ಣಿ?” ಅಂತ ಮೊದಲಿನ ಹಾಗೇ ಕೇಳುತ್ತಿದ್ದ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಹೆದರಿ ಹಿತ್ತಲ ಬಾಗಿಲಿನಿಂದ ಓಡಾಡಿದೆ. ನಾಳೆ ಹೇಳಿಬಿಡೋಣ, ಹಬ್ಬ ಕಳೆಯಲಿ... ಅನ್ನುತ್ತಿರುವಾಗಲೇ ತಾತ ಹೋಗಿಬಿಟ್ಟ.

ಮೊನ್ನೆ ಬೆಟ್ಟದ ಕೆಳಗೆ ಕಾರು ನಿಂತ ಮೇಲೆ ಮಗಳಿಗೆ ಇದನ್ನೆಲ್ಲ ಮೊದಲ ಸಲ ಹೇಳಿದೆ. ಪಾಪ ಅಂದಳು. ಅವಳು ತಾತನನ್ನು ಕಂಡವಳಲ್ಲ. ಅವನು ಮರೆತಿರಲಿಲ್ಲ ಅಂತ ನಾನು ಯಾರಿಗೆ ಹೇಳಬೇಕಿತ್ತೋ, ಅತ್ತೆ, ಮಾವ, ಆ ಲೈನಿನ ಜನ, ಅವರಲ್ಲಿ ಒಬ್ಬರೂ ಈಗ ಉಳಿದಿಲ್ಲ.