ಗೋದತ್ತೆಯ ಮಡಿ ಸ್ಟ್ಯಾಂಡು

ಗೋದತ್ತೆ ಕುರ್ಚಿಯಲ್ಲಿ ಕೂತು ಚಿತ್ರ ಬರೆದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸಿ, ಎಡಗಾಲನ್ನು ಸ್ಟ್ಯಾಂಡಿನ ಕೆಳಪಟ್ಟಿಯ ಮೇಲಿಟ್ಟು, ಜಗಳಕ್ಕೆ ನಿಂತವಳ ಹಾಗೆ ನಿಂತೇ ಬರೆಯುತ್ತಿದ್ದಳು. ಯಾರಾದರೂ ಪಾಪ ಎಂದು ಕುರ್ಚಿ ತಂದರೆ ಉತ್ತರ ತಯಾರಿರುತ್ತಿತ್ತು: "ಸಣ್ಣಾಗಿಂದ ಬಗ್ಗಿ ಬಗ್ಗಿ ರಂಗೋಲಿ ಹಾಕಿದ್ದಿ. ನೆಲ ಸಾಕಾತು ಯಂಗೆ. ಇನ್ನು ನಿತ್ಕಂಡೇ ಬರಿತೆ."

ಗೋದತ್ತೆ ಎಂದರೆ ನಮ್ಮಪ್ಪನ ತಂಗಿ ಗೋದಾವರಿ. ಸಿರ್ಸಿ ಪೇಟೆಯ ಸಂದಿಯೊಂದರಲ್ಲಿ ಅವಳ ಗಂಡನ ಮನೆ. ತೊಂಬತ್ತರ ದಶಕದಲ್ಲಿ ನಾನು ಯಲ್ಲಾಪುರದಿಂದ ಕಾಲೇಜಿಗೆಂದು ಹೋಗಿ ಅವಳ ಕೈಯಡುಗೆ ಉಂಡು, ಅವಳ ಬೈಗುಳ ತಿಂದು ಡಿಗ್ರಿ ಮುಗಿಸಿದವಳು. ಆ ಸ್ಟ್ಯಾಂಡು ಹೊರಕೋಣೆಯ ನಟ್ಟನಡುವೆ ಇರುತ್ತಿತ್ತು. ಬಂದ ನೆಂಟರೆಲ್ಲ ಅದಕ್ಕೊಂದು ಸುತ್ತು ಹಾಕಿಯೇ ಒಳಗೆ ಹೋಗಬೇಕು. ಮೂಲೆಗೆ ಸರಿಸೇ ಎಂದರೆ, "ಮೂಲೇಲಿ ಆನು ಇದ್ದಿದ್ದು ಸಾಲ್ದಾ? ಅದೂ ಎಂತಕ್ಕೆ?" ಎನ್ನುತ್ತಿದ್ದಳು.

ಅದು ಆ ಮನೆಗೆ ಬಂದದ್ದೇ ಒಂದು ತಮಾಷೆ. ಯಲ್ಲಾಪುರದ ಕಡೆ ಕಾಡಿನೊಳಗಿನ ಬ್ರಿಟಿಷರ ಕಾಲದ ಬಂಗಲೆಯ ಹಳೇ ಸಾಮಾನನ್ನು ಲಿಲಾವು ಕೂಗಿ ಮಾರಿದಾಗ ಮಾವ, ಅಂದರೆ ಗೋದತ್ತೆಯ ಗಂಡ, ಅದನ್ನು ಹಿಡಿದು ತಂದಿದ್ದ. ಶುದ್ಧ ಸಾಗವಾನಿ. ಮೂರು ಕಾಲು, ಮೇಲೆ ಕೆಳಗೆ ಸರಿಯುವ ಅಡ್ಡಪಟ್ಟಿ, ಬಿಗಿ ಮಾಡಲು ಹಿತ್ತಾಳೆಯ ತಿರುಪು. ಯಾವ ದೊರೆಸಾನಿ ಅದರ ಮುಂದೆ ನಿಂತು ನಮ್ಮ ಕಾಡನ್ನು ಬರೆದಿದ್ದಳೋ! ಅದು ಏನೆಂದು ಮಾವನಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ನಮ್ಮ ಜನ ಏನು ಮಾಡಿಯಾರು? ಅದರ ಮೇಲೆ ಮಡಿಬಟ್ಟೆ ಒಣಗಿಸಿದರು! ಪೂಜೆಗೆ ಉಡುವ ಪಂಚೆಯನ್ನು ಅದರ ಮೇಲೆ ಹರವಿದರೆ ಮತ್ತೆ ಪಂಚೆಯನ್ನೂ ಮುಟ್ಟುವ ಹಾಗಿಲ್ಲ, ಸ್ಟ್ಯಾಂಡನ್ನೂ ಮುಟ್ಟುವ ಹಾಗಿಲ್ಲ. ಮೇಲಿನ ಪಟ್ಟಿ ದೊಡ್ಡಮಾವನ ಪಂಚೆಗೆ ಮೀಸಲು. ದೊಡ್ಡಮಾವ ಎಂದರೆ ಮಾವನ ಅಣ್ಣ, ಆ ಮನೆಯ ಯಜಮಾನ. ಅವನು ಕೆಮ್ಮಿದರೆ ಅಡಿಗೆಮನೆಯಲ್ಲಿ ಮಾತು ನಿಲ್ಲುತ್ತಿತ್ತು.

ಗೋದತ್ತೆ ಆಗ ಅಡಿಗೆಮನೆಯ ನೆಲದ ಮೇಲೆ, ಹಳೇ ಕ್ಯಾಲೆಂಡರಿನ ಬೆನ್ನಿಗೆ, ಶಾಲೆ ಮಕ್ಕಳ ಬಣ್ಣದಲ್ಲಿ ಬರೆಯುತ್ತಿದ್ದಳು. ಒಂದು ದಿನ ವಾರಪತ್ರಿಕೆಯಲ್ಲಿ ಯಾರೋ ಕಲಾವಿದ ಚಿತ್ರ ಬರೆಯುತ್ತಿರುವ ಫೋಟೋ ಬಂದಿತ್ತು. "ಕೂಸೇ, ಇಲ್ನೋಡೇ! ಯಮ್ಮನೆ ಮಡಿ ಸ್ಟ್ಯಾಂಡು!" ಎಂದು ಕೂಗಿದಳು. ಈಸೆಲ್ ಎಂಬ ಹೆಸರನ್ನು ನಾವಿಬ್ಬರೂ ಓದಿದ್ದು ಅಂದೇ. ಓದಿ ಮುಗಿಸಿದ್ದೇ ತಡ, ಎದ್ದು ಹೋಗಿ ಪಂಚೆಯನ್ನು ಕಿಟಕಿಯ ಸರಳಿಗೆ ಬಿಸಾಕಿ, ಸ್ಟ್ಯಾಂಡನ್ನು ದರದರ ಎಳೆದು ತಂದು ಹೊರಕೋಣೆಯಲ್ಲಿ ನಿಲ್ಲಿಸಿದಳು.

ದೊಡ್ಡಮಾವ ಸ್ನಾನ ಮುಗಿಸಿ ಒದ್ದೆ ಟವೆಲ್ಲಿನಲ್ಲಿ ಬಂದ.

"ಪಂಚೆ ಎಲ್ಲಿದ್ದು?"

"ಕಿಟಕಿ ಮೇಲೆ."

"ಮುಟ್ಟಿದ್ಯ?"

"ಮುಟ್ಟಿದ್ದಿ."

ಮಾವ ಪೇಪರಿನ ಹಿಂದೆ ಅಡಗಿದ. ನನಗೆ ನಗು ಒಂದು ಕಡೆ, ಹೆದರಿಕೆ ಒಂದು ಕಡೆ. "ಹೆಂಗಸ್ರಿಗೆ ಚಿತ್ರ ಬರಿಯಕ್ಕೆ ನೆಲ ಇಲ್ಯನೇ?" ಎಂದು ದೊಡ್ಡಮಾವ ಗುಡುಗಿದ. "ನೆಲ ನಿಂಗನೇ ಇಟ್ಕಳಿ ಭಾವ. ಒಂದ್ಸಲ ಬಗ್ಗಿ ನೋಡಿ, ಸೊಂಟ ಎಂತ ಹೇಳ್ತು ಗೊತ್ತಾಗ್ತು," ಎಂದಳು ಗೋದತ್ತೆ. ಅಂದಿನಿಂದ ದೊಡ್ಡಮಾವ ಅವಳ ಜೊತೆ ಮಾತು ಬಿಟ್ಟ. ಸಾರಿಗೆ ಉಪ್ಪು ಬೇಕಾದರೂ ಗೋಡೆಗೆ ಹೇಳುತ್ತಿದ್ದ. ಅತ್ತೆ ಆರಾಮಾಗಿ ಬರೆಯುತ್ತಿದ್ದಳು.

ಬರೆದದ್ದಾದರೂ ಏನು? ನೆಂಟರು ಕೃಷ್ಣನನ್ನು ಬರಿ, ಗಣಪತಿ ಬರಿ ಎನ್ನುತ್ತಿದ್ದರು. ಇವಳು ಕೊಯ್ದಿಟ್ಟ ಹಲಸಿನಹಣ್ಣು ಬರೆದಳು, ಮೀನು ಮಾರುವ ಹೆಂಗಸಿನ ಪಾದ ಬರೆದಳು, ಬಾಯಿ ತೆರೆದು ಮಲಗಿದ ದೊಡ್ಡಮಾವನನ್ನೂ ಬಿಡಲಿಲ್ಲ. ದೇವರ ಚಿತ್ರ ಕೇಳಿದವರಿಗೆ, "ಅಂವ ಬಂದು ಎದುರಿಗೆ ಕೂರ್ಲಿ, ಬರಿತೆ" ಎಂಬುದು ಅವಳ ಮಾತು. ಎಂಥ ಗಟ್ಟಿಗಿತ್ತಿ!

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಹಳೇ ಸಾಮಾನು ಕೊಳ್ಳುವವರು ಹೆಚ್ಚಾದರು. ಸಿದ್ದಾಪುರ, ಸಿರ್ಸಿಯ ಮನೆಗಳಿಂದ ಹಂಡೆ, ಕೆತ್ತನೆಯ ಕಂಬ ಎಲ್ಲ ಲಾರಿ ಹತ್ತಿದವು. ನಾನು ಹಬ್ಬಕ್ಕೆ ಹೋಗಿದ್ದಾಗ ದೊಡ್ಡಮಾವ ಅಂಥವನೊಬ್ಬನನ್ನು ಕರೆದುಕೊಂಡು ಬಂದ. ಹಾನಗಲ್ ಕಡೆಯವನು, ಮಾತು ಬಲು ಸವಿ. "ಅಕ್ಕಾರ, ಇದು ಇಂಗ್ಲೀಷರ ಕಾಲದ್ದೈತ್ರಿ. ರೆಸಾರ್ಟಿನಾಗ ಊಟದ ಬೋರ್ಡ್ ಇಡಾಕ ಇಂಥಾದ್ದನ್ನ ಹುಡುಕ್ತಾರ್ರಿ," ಎನ್ನುತ್ತ ಹಿತ್ತಾಳೆ ತಿರುಪಿಗೆ ಕೈ ಹಾಕಲು ಹೋದ.

"ಮುಟ್ಟಬೇಡಿ. ಮಡಿ," ಎಂದಳು ಗೋದತ್ತೆ.

ಅವನು ಕಾದ ಕಾವಲಿ ಮುಟ್ಟಿದ ಹಾಗೆ ಕೈ ಹಿಂದೆ ತೆಗೆದ. ದೊಡ್ಡಮಾವ ಸಿಟ್ಟಿನಲ್ಲಿ ಮೌನವನ್ನೂ ಮರೆತ. "ಎಂತ ಮಡಿಯೇ? ಅಂದು ಮಡಿ ಕೆಡಿಸಿದ್ದು ನೀನೇ ಅಲ್ದನೇ?"

"ಅಂದು ಕೆಡಿಸಿದ್ದು ನಿಂಗಳ ಮಡಿ ಭಾವ. ಇದು ಯನ್ನ ಮಡಿ. ಬರೆಯವ್ವು ಮಾತ್ರ ಮುಟ್ಟಲಕ್ಕು. ನಿಂಗ ಬರಿತ್ರ? ಬ್ರಶ್ಶು ಕೊಡ್ತೆ, ಬನ್ನಿ."

ಕೊಳ್ಳಲು ಬಂದವನು ಚಹಾ ಕುಡಿದು, "ಬರ್ತೇನ್ರಿ ಅಕ್ಕಾರ" ಎಂದು ಕೈಮುಗಿದು ಹೋದ. ನನಗೆ ಎದ್ದು ಕುಣಿಯಬೇಕು ಅನಿಸಿತು.

ಕೊನೆಯ ಸಲ ನೋಡಿದಾಗ ಅವಳ ಮಂಡಿ ಪೂರ್ತಿ ಸೋತಿತ್ತು. ಡಾಕ್ಟರು ನಿಲ್ಲಲೇಬಾರದು ಎಂದಿದ್ದರು. ಇವಳೋ, ಸ್ಟ್ಯಾಂಡಿನ ಕಾಲನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಬಚ್ಚಲ ಒಲೆಯ ಚಿತ್ರ ಬರೆಯುತ್ತಿದ್ದಳು. ಹಂಡೆ ಬಂದಿತ್ತು, ಕಟ್ಟಿಗೆ ಬಂದಿತ್ತು, ಬೆಂಕಿ ಇನ್ನೂ ಬಂದಿರಲಿಲ್ಲ. "ಮುಂದಿನ ಸಲ ಬಪ್ಪಲ್ಲಿವರೆಗೆ ಹತ್ತಿಸ್ತೆ, ನೋಡು," ಎಂದಳು. ಹತ್ತಿಸಲು ಆಗಲಿಲ್ಲ. ನಾನು ಅತ್ತದ್ದು ಅವಳಿಗಾಗಿಯೋ ಆ ಬೆಂಕಿಗಾಗಿಯೋ, ಇವತ್ತಿಗೂ ಹೇಳಲಾರೆ.

ಹದಿಮೂರನೆಯ ದಿನ ಊಟಕ್ಕೆ ಮನೆ ತುಂಬ ಜನ. ದೊಡ್ಡಮಾವನ ಮಗ ಶ್ರೀಪಾದ ಅತ್ತೆಯ ಫೋಟೋ ದೊಡ್ಡದು ಮಾಡಿಸಿ, ಹಾರ ಹಾಕಿ ತಂದ. "ಚೊಲೋ ಸ್ಟ್ಯಾಂಡೇ ಇದ್ದಲ, ಇದ್ರ ಮೇಲೇ ಇಡನ," ಎಂದು ಒಲೆಯ ಚಿತ್ರ ತೆಗೆಯಲು ಕೈ ಚಾಚಿದ. ನನಗೆ ಮೈಯೆಲ್ಲ ಉರಿಯಿತು. ಹೋಗಿ ಅಡ್ಡ ನಿಂತೆ.

"ಮುಟ್ಟಡ. ಮಡಿ ಇದ್ದು."

ಶ್ರೀಪಾದ ನಕ್ಕ. "ಚಿಕ್ಕಿಯೇ ಇಲ್ಲೆ, ಇನ್ನು ಯಾರ ಮಡಿಯೇ ಮಾರಾಯ್ತಿ?"

"ಬಿಡಾ ಅದ್ನ," ಎಂದಿತು ಹಿಂದಿನಿಂದ ಒಂದು ದನಿ. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ದೊಡ್ಡಮಾವ. "ಗೋದಾವರಿ ಇದ್ದಾಗ ಯನ್ನ ಮಾತಿಗೇ ಜಗ್ಗಿದ್ದಿಲ್ಲೆ. ಈಗ ನೀ ಜಗ್ಗಿಸ್ತ್ಯ?"

ಕೋಲೂರಿ ಕಷ್ಟಪಟ್ಟು ಎದ್ದು, ತಾನು ಕೂತಿದ್ದ ಕುರ್ಚಿಯನ್ನೇ ಮುಂದೆ ತಳ್ಳಿದ. "ಫೋಟೋ ಇದ್ರ ಮೇಲೆ ಇಡು."

ಗೋದತ್ತೆ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡದ್ದು ಅಂದೇ. ಊಟಕ್ಕೆ ಎಲೆ ಹಾಕುವವರೆಗೂ ದೊಡ್ಡಮಾವ ಅವಳ ಪಕ್ಕದಲ್ಲಿ ನಿಂತೇ ಇದ್ದ.